ಕಟ್ಟುವ ಕೈಯ ಸುಖ

ಯಕ್ಷಗಾನದ ವೇಷಕ್ಕೆ ಮುಂಡಾಸು ಕಟ್ಟುವ ಕೆಲಸ ನನಗೆ ಬಲು ಇಷ್ಟ. ಕುಣಿಯುವವರು ಕುಣಿಯಲಿ, ಅರ್ಥ ಹೇಳುವವರು ಹೇಳಲಿ, ನನ್ನ ಜಾಗ ವೇಷ ಕಟ್ಟುವ ಚೌಕಿ. ಸಂಜೆ ಹೊತ್ತಿಗೆ ಚೌಕಿಯೊಳಗೆ ಹೋಗಿ, ಗಣಪತಿಯ ಮುಂದಿನ ದೀಪಕ್ಕೆ ಕೈಮುಗಿದು, ವೇಷದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಂದು ವಾಸನೆ ಏಳುತ್ತದೆ. ತೆಂಗಿನೆಣ್ಣೆಯದ್ದು, ಒಣಗಿದ ದಗಲೆಯದ್ದು, ಹಳೆಯ ಜರಿಯದ್ದು, ಮುಖದ ಬಣ್ಣದ ಅರದಾಳ ಇಂಗಳೀಕದ್ದು ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದ ಕ್ಷಣಕ್ಕೆ ದಿನವಿಡೀ ಇದ್ದ ಆಯಾಸ ಇಳಿದುಹೋಗುತ್ತದೆ. ಆಮೇಲೆ ಬೆಳಗಿನವರೆಗೂ ಕೈಗೆ ಬಿಡುವಿಲ್ಲ, ಮನಸ್ಸಿಗೆ ಬೇರೆ ಯೋಚನೆಯಿಲ್ಲ.

ನಮ್ಮ ಕಡೆಯ ಬಡಗುತಿಟ್ಟಿನ ಮುಂಡಾಸನ್ನು ಕಿರೀಟದ ಹಾಗೆ ಪೆಟ್ಟಿಗೆಯಿಂದ ತೆಗೆದು ಇಟ್ಟುಬಿಡಲಾಗುವುದಿಲ್ಲ. ಅದು ವೇಷಧಾರಿಯ ತಲೆಯ ಮೇಲೆಯೇ ಹುಟ್ಟಬೇಕು. ಮೊದಲು ಕೂದಲು ಒಳಗಾಗುವಂತೆ ತಲೆಗೊಂದು ಬಟ್ಟೆ ಬಿಗಿಯಬೇಕು. ಅದರ ಮೇಲೆ, ಹುಲ್ಲು ತುಂಬಿ ಬಟ್ಟೆ ಸುತ್ತಿದ ಅಟ್ಟೆಯನ್ನು ಹಣೆಯ ಮೇಲಂಚಿಗೆ ಸರಿಯಾಗಿ ಕೂರಿಸಬೇಕು. ಎಡಗೈಯ ಹೆಬ್ಬೆರಳು ಅಟ್ಟೆಯನ್ನು ಒತ್ತಿ ಹಿಡಿದಿರುವಾಗ ಬಲಗೈ ಬಟ್ಟೆಯನ್ನು ಸುತ್ತುತ್ತಾ ಹೋಗಬೇಕು. ಒಂದು ಸುತ್ತು ಸಡಿಲವಾದರೆ ಮೇಲಿನ ಸುತ್ತುಗಳೆಲ್ಲ ಸೋಲುತ್ತವೆ. ಬಟ್ಟೆಯ ಮೇಲೆ ಜರಿಪಟ್ಟಿ ಬರಬೇಕು. ಪಟ್ಟಿಯಿಂದ ಪಟ್ಟಿಗೆ ಅಂತರ ಒಂದೇ ಸಮ ಇದ್ದರೆ ಮಾತ್ರ ಬೆಳಕು ಬಿದ್ದಾಗ ಮುಂಡಾಸು ಅರಳಿದಂತೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಹಿಂದಲೆಯಲ್ಲಿ ಹಾಕುವ ಗಂಟು ಕೈಗೆ ಸುಲಭವಾಗಿ ಸಿಗಬೇಕು, ಕಣ್ಣಿಗೆ ಕಾಣಬಾರದು. ಅಭಿಮನ್ಯು, ಬಭ್ರುವಾಹನನಂಥ ಎಳೆಯ ವೀರರಿಗೆ ಕಟ್ಟುವ ಕೇದಗೆ ಮುಂದಲೆಯದ್ದು ಬೇರೆಯೇ ನಾಜೂಕು. ಗಾತ್ರ ಸಣ್ಣದು, ತುದಿ ಚೂಪು, ಲೆಕ್ಕ ಹೆಚ್ಚು.

ಮಕ್ಕಳಿಗೆ ಕಟ್ಟುವಾಗ ಆನಂದ ಇಮ್ಮಡಿ. ಅರದಾಳದ ಮುಖ, ತಿದ್ದಿದ ಹುಬ್ಬು, ಮಿಸುಕಾಡದೆ ಕೂತ ಪುಟ್ಟ ದೇಹ, ಒಳಗೆ ಡವಡವ ಅನ್ನುವ ಎದೆ. ಬಿಗಿ ಹೆಚ್ಚಾದರೆ ಅರ್ಧ ಗಂಟೆಯಲ್ಲಿ ತಲೆನೋವು, ಕಡಿಮೆಯಾದರೆ ಮಂಡಿ ಹಾಕುವಾಗ ಮುಂಡಾಸು ಜಾರುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಕೇಳುತ್ತಿರಬೇಕು.

"ತಲಿ ನೋವ್ತಾ ಮಾಣಿ?"

"ಇಲ್ಲೆ ಮಾಷ್ಟ್ರೇ."

"ಕುತ್ಗಿ ಆಡ್ಸ್, ಕಾಂಬ."

ಹುಡುಗ ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾನೆ. ಕಿವಿಯ ಹಿಂದೆ ದಾರ ಕೊರೆಯುವ ಕಡೆ ಒಂದು ತುಂಡು ಹತ್ತಿ ಇಡುತ್ತೇನೆ. ಎಬ್ಬಿಸಿ ನಿಲ್ಲಿಸಿ ಎರಡು ಹಾರಿಕೆ ಹಾರಿಸುತ್ತೇನೆ. ಎದೆಕಟ್ಟು, ಭುಜಕೀರ್ತಿ, ವೀರಕಸೆ ಎಲ್ಲ ಅವನೊಡನೆ ಹಾರಿ ಅವನೊಡನೆ ಇಳಿಯಬೇಕು. ಹಾಗಾದಾಗ ಹುಡುಗನ ಕಣ್ಣು ತಾನಾಗಿ ಬದಲಾಗುತ್ತದೆ. ಐದು ನಿಮಿಷದ ಹಿಂದೆ ಅಮ್ಮನನ್ನು ಹುಡುಕುತ್ತಿದ್ದವನು ಈಗ ದ್ವಾರಕೆಯನ್ನೋ ಮಣಿಪುರವನ್ನೋ ಹುಡುಕುತ್ತಿರುತ್ತಾನೆ. ಆ ಬದಲಾವಣೆ ಮೊದಲು ಕಾಣುವುದು ಕಟ್ಟಿದವನಿಗೆ. ಸಭೆಗೆ ಕಾಣುವುದು ಆಮೇಲೆ.

ನನಗೆ ಈ ವಿದ್ಯೆ ಕಲಿಸಿದವರು ನಮ್ಮೂರಿನ ಹಿರಿಯರೊಬ್ಬರು. ಹೆಸರು ಹೇಳಿದರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು, ಹಾಗಾಗಿ ಹೇಳುವುದಿಲ್ಲ. ಎರಡು ಮುಡಿ ಗದ್ದೆ, ನಾಲ್ಕು ತೆಂಗಿನ ಮರ, ಒಂದು ದನದ ಕೊಟ್ಟಿಗೆ, ಇಷ್ಟೇ ಅವರ ಬದುಕು. ಆದರೆ ಊರಿನಲ್ಲಿ ಏನೂ ಅವರಿಲ್ಲದೆ ಆಗುತ್ತಿರಲಿಲ್ಲ. ಮದುವೆಯ ಚಪ್ಪರಕ್ಕೆ ಕಂಬ ನೆಡುವಾಗ ಅವರು, ಸತ್ತವರ ಮನೆಗೆ ಮೊದಲು ಓಡುವಾಗ ಅವರು, ಶಾಲೆಯ ಮಾಡಿಗೆ ಹಂಚು ಹೊದೆಸುವಾಗ ಅವರು, ರಥಬೀದಿಯಲ್ಲಿ ಹಗ್ಗದ ತುದಿ ಹಿಡಿದು ಜನರನ್ನು ಸರಿಸುವಾಗ ಅವರು. ಆಟದ ದಿನ ಚೌಕಿಯಲ್ಲೂ ಅವರೇ. ಅವರ ಮಟ್ಟಿಗೆ ಇವೆಲ್ಲ ಒಂದೇ ಕೆಲಸ. ಚಪ್ಪರದ ಕಟ್ಟು, ಚಟ್ಟದ ಕಟ್ಟು, ಮುಂಡಾಸಿನ ಕಟ್ಟು ಮೂರಕ್ಕೂ ಒಂದೇ ಶ್ರದ್ಧೆ. ಕಟ್ಟಿದ್ದು ಬಿಚ್ಚಬಾರದು, ಬಿಚ್ಚಬೇಕಾದಾಗ ಕತ್ತರಿ ಬೇಕಾಗಬಾರದು. ಇದು ಅವರ ಪಾಠದ ಮೊದಲ ಮಾತು, ಕೊನೆಯ ಮಾತೂ ಅದೇ.

ಈಗ ಬೈಂದೂರು, ಕುಂದಾಪುರ, ಬ್ರಹ್ಮಾವರ ಎಂದು ಮೂರು ತಾಲೂಕುಗಳಾಗಿರುವ ನಮ್ಮ ಸೀಮೆಯಲ್ಲಿ ಇಂಥವರು ಪ್ರತಿ ಊರಿಗೂ ಒಬ್ಬರಿದ್ದಾರೆ. ಇದಕ್ಕೆ ಕಾರಣ ಇಲ್ಲಿನ ಆಟದ ಪದ್ಧತಿಯಲ್ಲೇ ಇದೆ. ಬಯಲಾಟ ಇಲ್ಲಿ ಹರಕೆಯಾಗಿ ಬೆಳೆದದ್ದು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಕೋಟದ ಅಮೃತೇಶ್ವರಿ, ಸೌಕೂರು, ಹೀಗೆ ದೇವಸ್ಥಾನಗಳ ಹೆಸರು ಹೊತ್ತ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮಳೆಗಾಲದ ಮುಂಚಿನ ಹತ್ತನಾವಧಿಯವರೆಗೆ ಊರೂರು ತಿರುಗುತ್ತವೆ. ಮಂದಾರ್ತಿಯೊಂದರಿಂದಲೇ ಐದು ಮೇಳ ಹೊರಡುತ್ತವೆ. ಆದರೂ ಹರಕೆ ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು. ಒಬ್ಬರ ಹರಕೆಯ ಆಟ ಬಂತೆಂದರೆ ಅದು ಕೇರಿಯ ಆಟ. ಕೊಯ್ಲಾದ ಗದ್ದೆಯ ಕೂಳೆ ಕಿತ್ತು ಬಯಲು ಸಮ ಮಾಡುವವರು ಒಬ್ಬರಾದರೆ, ಕಲಾವಿದರಿಗೆ ಊಟ ಬಡಿಸುವವರು ಇನ್ನೊಬ್ಬರು. ಕುಡಿಯುವ ನೀರು, ದಾರಿಗೆ ದೀಪ, ಮುದುಕರಿಗೆ ಕುರ್ಚಿ, ನಿದ್ದೆ ಹೋದ ಮಕ್ಕಳಿಗೆ ಚಾಪೆ, ಒಂದೊಂದಕ್ಕೂ ಒಬ್ಬೊಬ್ಬರು. ಬೆಂಗಳೂರಿನ ಹೋಟೆಲಿನಲ್ಲೋ ಮುಂಬೈಯ ಕ್ಯಾಂಟೀನಿನಲ್ಲೋ ದುಡಿಯುವ ಮಗನೂ ಆ ರಾತ್ರಿಗೆ ಬಸ್ಸು ಹಿಡಿದು ಬಂದು ಹಂಡೆಯ ಮುಂದೆ ನಿಲ್ಲುತ್ತಾನೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಪಟ್ಟಿಯಲ್ಲಿ ಹೆಸರೂ ಇಲ್ಲ. ಹೀಗೆ ಆಟ ನಡೆಯುವ ಊರಿನಲ್ಲಿ ಕಲೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದು ಬೇರೆ ಮಾಡಿ ಹಾಕಲು ಬರುವುದೇ ಇಲ್ಲ. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಹಳ್ಳಿಗಳ ಹೆಸರೇ ಬಡಗಿನ ಎರಡು ಶೈಲಿಗಳಿಗೆ ನಿಂತಿದೆ. ಹಾರಾಡಿ ರಾಮ ಗಾಣಿಗರ ಕರ್ಣ, ಮಟಪಾಡಿಯ ವೀರಭದ್ರ ನಾಯಕರ ಹೆಜ್ಜೆ ಎಂದು ಹಿರಿಯರು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಹಳ್ಳಿಯೊಂದು ಶೈಲಿಯಾಗಿ ಬೆಳೆಯಬೇಕಾದರೆ ಅದರ ಹಿಂದೆ ಎಷ್ಟು ಮನೆಗಳ ಹಿತ್ತಿಲು, ಎಷ್ಟು ಜನರ ರಾತ್ರಿ ನಿದ್ದೆ ಸಂದಿರಬೇಕು!

ಕಲೆ, ಸೇವೆ ಎರಡೂ ಬೆರೆತ ಚಂದವನ್ನು ನೋಡಬೇಕೆಂದರೆ ಹೂವಿನಕೋಲು ನೋಡಬೇಕು. ನವರಾತ್ರಿ ಬಂದಾಗ ಭಾಗವತರೊಬ್ಬರು, ಮದ್ದಳೆಯವರೊಬ್ಬರು, ಜೊತೆಗೆ ಶಾಲೆಯ ಹುಡುಗರು ಮನೆಮನೆಗೆ ಹೊರಡುತ್ತಾರೆ. ಚಾವಡಿಯಲ್ಲಿ ಚಾಪೆ ಹಾಸುತ್ತಾರೆ. ಹೂವಿನಿಂದ ಸಿಂಗರಿಸಿದ ಕೋಲನ್ನು ನಡುವೆ ಇಟ್ಟು ಹುಡುಗರು ಎದುರುಬದುರಾಗಿ ಕೂರುತ್ತಾರೆ. ಮೊದಲು ಆ ಮನೆಗೆ ಒಳ್ಳೆಯದಾಗಲಿ ಎಂಬ ಹಾರೈಕೆ, ಆಮೇಲೆ ಪ್ರಸಂಗವೊಂದರ ತುಣುಕು. ವೇಷವಿಲ್ಲ, ಕುಣಿತವಿಲ್ಲ. ಹುಡುಗನ ಬಾಯಿಂದ ಬರುವ ಅರ್ಥ, ಭಾಗವತರ ಪದ, ಮದ್ದಳೆಯ ನುಡಿ, ಅಷ್ಟೇ. ಹಿಂದೆ ಊರಿನಲ್ಲಿ ಪಾಠ ಹೇಳುತ್ತಿದ್ದ ಐಗಳು ಮಕ್ಕಳನ್ನು ಕರೆದುಕೊಂಡು ಹೀಗೆ ಹೊರಡುತ್ತಿದ್ದರು. ಮನೆಯವರು ಕೊಟ್ಟ ಅಕ್ಕಿ, ಕಾಯಿ, ಚಿಲ್ಲರೆಯೇ ಐಗಳ ಮಠಕ್ಕೆ ಆಧಾರ. ಅಂದರೆ ಮಕ್ಕಳು ತಮ್ಮ ಮಾತಿನಿಂದ ತಮ್ಮ ಗುರುವನ್ನು ಸಾಕುತ್ತಿದ್ದರು, ಊರು ಅಕ್ಕಿ ಕೊಟ್ಟು ತನ್ನ ಮಕ್ಕಳ ವಿದ್ಯೆಯನ್ನು ಸಾಕುತ್ತಿತ್ತು. ಎಲ್ಲಿಂದ ಎಲ್ಲಿಗೆ ಉಪಕಾರ ಹರಿಯಿತು ಎಂದು ಲೆಕ್ಕ ಹಾಕಿದರೆ ತಿಳಿಯುವುದಿಲ್ಲ.

ನಾನು ಹೂವಿನಕೋಲಿನ ಜೊತೆ ಹೋಗುವುದು ಕೋಲು ಹೊರಲಿಕ್ಕೆ. ಸಂಜೆಯ ಮಬ್ಬಿನಲ್ಲಿ ಗದ್ದೆಯ ಅಂಚಿನ ಮೇಲೆ ಸಾಲಾಗಿ ನಡೆಯುತ್ತೇವೆ. ಆಗ ತಾನೇ ತೆನೆ ಬಂದ ಪೈರು ಎರಡೂ ಕಡೆ. ಮನೆ ಹತ್ತಿರ ಬಂದಂತೆ ಹುಡುಗರು ಮಾತು ನಿಲ್ಲಿಸಿ ಬಾಯೊಳಗೇ ಅರ್ಥ ಒಪ್ಪಿಸಿಕೊಳ್ಳುತ್ತಾರೆ. ಒಮ್ಮೆ ಹೆಮ್ಮಾಡಿಯ ಕಡೆಯ ಮನೆಯೊಂದರಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರನ್ನು ಚಾವಡಿಗೆ ಎತ್ತಿ ತಂದು ಕೂರಿಸಿದ್ದರು. ಎದುರಿಗೆ ಕೂತ ಹುಡುಗನ ವಯಸ್ಸು ಹತ್ತರ ಒಳಗೆ. ಅವನು ಕೃಷ್ಣನಾಗಿ ಒಂದು ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಂತ. ಅಜ್ಜಿ ಆ ಪದದ ಮುಂದಿನ ಸಾಲನ್ನು ತಾವೇ ಗುನುಗಿದರು. ಭಾಗವತರು ತಾಳ ಬಿಡದೆ ಅಜ್ಜಿಯ ಶ್ರುತಿಗೆ ಇಳಿದು ಆ ಸಾಲನ್ನು ಎತ್ತಿಕೊಂಡರು. ಮನೆಯವರಿಗೆ ಅಜ್ಜಿಗೆ ಪದ ಬರುತ್ತದೆಂದೇ ಗೊತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಬಾಗಿಲ ಸಂದಿಯಿಂದ ಕೇಳಿ ಕಲಿತದ್ದಂತೆ. "ಇನ್ನೊಂದ್ ಪದ ಹೇಳ್ಕಾ?" ಎಂದು ಭಾಗವತರು ಕೇಳಿದಾಗ ಅಜ್ಜಿ ಎರಡು ಬೆರಳು ತೋರಿಸಿದರು. ಆ ರಾತ್ರಿ ಮುಂದಿನ ಮನೆಗೆ ನಾವು ತಡವಾಗಿಯೇ ಹೋದೆವು. ಇಂಥ ರುಚಿ ಒಮ್ಮೆ ಹತ್ತಿದರೆ ನವರಾತ್ರಿಯಲ್ಲಿ ಮನೆಯಲ್ಲಿ ಕೂರುವುದು ಹೇಗೆ?

ಇದೇ ರುಚಿಯನ್ನು ಒಂದು ಸಂಸ್ಥೆಯಾಗಿ ಬೆಳೆಸಿದವರು ಸಾಲಿಗ್ರಾಮ ಮಕ್ಕಳ ಮೇಳದವರು. ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು 1975ರಲ್ಲಿ ಇದನ್ನು ಕಟ್ಟಿದಾಗ ಮಕ್ಕಳದ್ದೇ ಮೇಳ ಎಂಬ ಕಲ್ಪನೆ ಹೊಸದು. ಹಿರಿಯರ ಆಟದಲ್ಲಿ ಮಕ್ಕಳಿಗೆ ಜಾಗ ಇದ್ದದ್ದು ಪೂರ್ವರಂಗದ ಕೋಡಂಗಿ, ಬಾಲಗೋಪಾಲರಲ್ಲಿ. ಪ್ರಸಂಗ ಶುರುವಾಗುವ ಹೊತ್ತಿಗೆ ಅವರು ಚೌಕಿಯ ಮೂಲೆಯಲ್ಲಿ ಮಲಗಿರುತ್ತಿದ್ದರು. ಇಡೀ ಪ್ರಸಂಗವನ್ನೇ ಮಕ್ಕಳ ಕೈಗೆ ಕೊಟ್ಟಾಗ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. ಭುಜಕೀರ್ತಿ, ಎದೆಕಟ್ಟು ಮಗುವಿನ ಮೈಗೆ ಒಪ್ಪುವ ಅಳತೆಯಲ್ಲಿ ಬೇಕು. ಪದ್ಯಗಳ ಶ್ರುತಿ ಮಗುವಿನ ಗಂಟಲಿಗೆ ಹೊಂದಬೇಕು. ಅರ್ಥ ಮಗುವಿನ ಬಾಯಿಗೆ ಸಲ್ಲುವಂತೆ ಸಣ್ಣ ವಾಕ್ಯಗಳಲ್ಲಿ ಇರಬೇಕು, ಆದರೆ ಪಾತ್ರದ ಗೌರವ ಕುಗ್ಗಬಾರದು. ಈ ಮೇಳ ಸಮುದ್ರ ದಾಟಿ ಹೊರದೇಶಗಳಿಗೂ ಹೋಗಿ ಬಂತು. ನನ್ನ ಮೆಚ್ಚುಗೆ ಇರುವುದು ಅದಕ್ಕಿಂತ ಹೆಚ್ಚಾಗಿ ಮೇಳದ ಬಾಳಿಕೆಯ ಮೇಲೆ. ಮಕ್ಕಳ ಮೇಳಕ್ಕೆ ಹಿರಿಯರ ಮೇಳಕ್ಕಿಲ್ಲದ ಒಂದು ಕಷ್ಟವಿದೆ. ಕಲಿತ ಮಗು ಬೆಳೆದುಬಿಡುತ್ತದೆ! ಬಭ್ರುವಾಹನ ಹದಕ್ಕೆ ಬಂದ ಅನ್ನುವಾಗ ಅವನ ದನಿ ಒಡೆಯುತ್ತದೆ, ಎಸ್ಸೆಸ್ಸೆಲ್ಸಿ ಬರುತ್ತದೆ, ಕಾಲೇಜಿಗೆ ಹೊರಡುತ್ತಾನೆ. ಮತ್ತೆ ಮೊದಲ ಹೆಜ್ಜೆಯಿಂದ, ಮತ್ತೊಬ್ಬ ಹುಡುಗನಿಂದ ಶುರು. ಹೀಗೆ ಶುರು ಮಾಡುತ್ತಲೇ 50 ವರ್ಷ ನಡೆದ ಮೇಳ ಅದು. ಕಲಿಸುವುದರಲ್ಲೇ ಸುಖ ಇಲ್ಲದವರಿಗೆ ಇದು ಸಾಧ್ಯವಿಲ್ಲ.

ಸುಖದ ಮಾತು ಬಂದಾಗ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ನೆನಪಾಗುತ್ತಾರೆ. ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು, ಖಾದಿ ಮತ್ತು ಸ್ವದೇಶಿ ಪ್ರಚಾರಕ್ಕೆ ಇಳಿದರು. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಕಲಿಕೆಯನ್ನು ಆಟದೊಡನೆ ಬೆಸೆದರು. ಅದೇ ಮನುಷ್ಯ ಬಯಲಾಟದ ಬೆನ್ನು ಹತ್ತಿ ಊರೂರು ಅಲೆದು, ಹಳೆಯ ವೇಷ, ಆಭರಣ, ರಾಗ, ತಾಳೆಗರಿಗಳನ್ನು ಹುಡುಕಿ 1957ರಲ್ಲಿ 'ಯಕ್ಷಗಾನ ಬಯಲಾಟ' ಎಂಬ ಗ್ರಂಥ ಕೊಟ್ಟರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಅದರ ಹಿಂದೆ ಕು.ಶಿ. ಹರಿದಾಸ ಭಟ್ಟರೊಡನೆ ಕಾರಂತರೂ ಇದ್ದರು. ವಯಸ್ಸು ಏರಿದ ಮೇಲೂ ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಕುಣಿತದ ಕಾರಂತ ಬೇರೆ, ಚಳವಳಿಯ ಕಾರಂತ ಬೇರೆ ಎಂದು ನನಗೆ ಎಂದೂ ಅನ್ನಿಸಿಲ್ಲ. ತನ್ನ ಸುತ್ತಲಿನದನ್ನು ಆಸೆಯಿಂದ ನೋಡುವವನಿಗೆ ಅದು ಹಾಳಾಗುವುದನ್ನು ಕಂಡು ಸುಮ್ಮನಿರಲು ಆಗುವುದಿಲ್ಲ. ಹೆಜ್ಜೆ ಹಾಳಾದರೂ ಸಿಟ್ಟು, ಕಾಡು ಹಾಳಾದರೂ ಸಿಟ್ಟು. 1997ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರ ಆಸಕ್ತಿ ಬತ್ತಲಿಲ್ಲ.

ಹಿರಿಯಡಕ ಗೋಪಾಲ ರಾಯರದ್ದೂ ಅಂಥದ್ದೇ ಆಯುಷ್ಯ. 1919ರಲ್ಲಿ ಹುಟ್ಟಿ, ನೂರು ತುಂಬಿಸಿ, 2020ರ ಅಕ್ಟೋಬರಿನಲ್ಲಿ ತೀರಿಕೊಂಡ ಮದ್ದಳೆಯ ಗುರು. ಏರು ಮದ್ದಳೆಯ ಗತ್ತನ್ನು ಬಡಗಿಗೆ ತಂದವರು ಎಂದೇ ಹೆಸರು. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್ ಎಂಬ ಹೆಣ್ಣುಮಗಳು ಯಕ್ಷಗಾನ ಕಲಿಯಬೇಕೆಂದಾಗ ಕಲಿಸಿದವರಲ್ಲಿ ಅವರೂ ಒಬ್ಬರು. ಆಕೆ ಮುಂದೆ ಈ ಕಲೆಯ ಬಗ್ಗೆ ಇಂಗ್ಲಿಷಿನಲ್ಲಿ ಗ್ರಂಥ ಬರೆದು ಹೊರಗಿನ ಲೋಕಕ್ಕೆ ಪರಿಚಯಿಸಿದರು. ಕೇಳಿದವರಿಗೆ ಇಲ್ಲ ಎನ್ನದೆ ಕಲಿಸುವ ಗುಣ ಇಲ್ಲದಿದ್ದರೆ ಅದು ಆಗುತ್ತಿತ್ತೇ?

ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿಗೆ ಹೋದರೆ ಇನ್ನೊಂದು ಬಗೆ. ಪಂಚಗಂಗಾವಳಿಯ ನೀರಿನ ನಡುವಿನ ಆ ಕುದ್ರುವಿನಲ್ಲಿ ದೇವಣ್ಣ ಕಾಮತರು, ಕೊಗ್ಗ ಕಾಮತರು, ಭಾಸ್ಕರ ಕೊಗ್ಗ ಕಾಮತರು ತಲೆಮಾರಿನಿಂದ ತಲೆಮಾರಿಗೆ ಯಕ್ಷಗಾನ ಗೊಂಬೆಯಾಟವನ್ನು ದಾಟಿಸಿಕೊಂಡು ಬಂದಿದ್ದಾರೆ. ಗೊಂಬೆಗಳಿಗೆ ಅದೇ ಬಡಗಿನ ವೇಷ, ಅದೇ ಮುಂಡಾಸು, ಗಾತ್ರ ಮಾತ್ರ ಸಣ್ಣದು. ನಾನು ಅಲ್ಲಿಗೆ ಹೋದಾಗಲೆಲ್ಲ ಕಥೆಗಿಂತ ಮುಂಚೆ ಗೊಂಬೆಯ ತಲೆ ನೋಡುತ್ತೇನೆ. ಬೆರಳಗಲದ ಜಾಗದಲ್ಲಿ ಜರಿಯ ಸಾಲುಗಳನ್ನು ಅಷ್ಟು ಸಮವಾಗಿ ಕೂರಿಸಿದ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ. ಮೇಲೆ ಸೂತ್ರ ಹಿಡಿದವರು ಕಾಣುವುದಿಲ್ಲ. ಆದರೆ ಗೊಂಬೆ ಹೆಜ್ಜೆ ಹಾಕುವಾಗ ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ಊರುತ್ತದಲ್ಲ, ಆ ಹೊಂದಾಣಿಕೆಯಲ್ಲಿ ಅವರ ಇಡೀ ಬದುಕು ಕಾಣುತ್ತದೆ.

ಇವರನ್ನೆಲ್ಲ ನೆನೆದಾಗ ನನಗೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ನಮ್ಮ ಸನ್ಮಾನ ಸಭೆಗಳಲ್ಲಿ ಶಾಲು ಹೊದೆಸುವಾಗ ಒಂದು ಮಾತು ಬಂದೇ ಬರುತ್ತದೆ: "ಇವರು ಊರಿಗಾಗಿ, ಕಲೆಗಾಗಿ ತಮ್ಮ ಬದುಕನ್ನೇ ಸವೆಸಿದರು." ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ನಾನು ಹತ್ತಿರದಿಂದ ಕಂಡವರು ಯಾರೂ ಸವೆಯಲಿಲ್ಲ. ಅವರು ತುಂಬಿಕೊಂಡರು. ಸೇವೆಯನ್ನು ಬರೀ ಕರ್ತವ್ಯವೆಂದು ಮಾಡುವವರು ಒಂದು ವರ್ಷ ಬರುತ್ತಾರೆ, ಎರಡು ವರ್ಷ ಬರುತ್ತಾರೆ. ಮೂರನೇ ವರ್ಷ ಅವರಿಗೆ ಬೇರೆ ಕೆಲಸ ಬರುತ್ತದೆ. ಜೀವಮಾನವಿಡೀ ಬರುವವನು ರುಚಿ ಹತ್ತಿದವನು. ಬೆಳಗಿನ ಜಾವದ ಚಳಿಯಲ್ಲಿ ಚೌಕಿಯ ಮೂಲೆಯಲ್ಲಿ ಕುಡಿಯುವ ಚಹಾ, ಒಳಗಿದ್ದೂ ಕಿವಿಯಲ್ಲೇ ಆಟ ನೋಡುವ ಖುಷಿ, ತಾನು ಕಟ್ಟಿದ ಮುಂಡಾಸು ಇಡೀ ರಾತ್ರಿ ಕುಣಿದು ಒಂದೆಳೆ ಕದಲದೆ ವಾಪಸು ಬಂದಾಗಿನ ಹಿಗ್ಗು, ಇವನ್ನೆಲ್ಲ ಉಂಡವನಿಗೆ ಯಾರೂ ಋಣಿಯಾಗಬೇಕಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತ್ಯಾಗ, ಬಲಿದಾನ ಎಂದು ಹೇಳಿ ಹೇಳಿ ನಾವು ಎಳೆಯರನ್ನು ಹೆದರಿಸುತ್ತೇವೆ. ಇಷ್ಟೆಲ್ಲ ಕಳೆದುಕೊಳ್ಳಬೇಕಾದರೆ ನಮ್ಮಿಂದಾಗದು ಎಂದು ಅವರು ದೂರ ನಿಲ್ಲುತ್ತಾರೆ. ಸುಖವಿದೆ, ಬಾ, ಉಣ್ಣು ಎಂದು ಕರೆದರೆ ಬರುತ್ತಾರೆ.

ಸುಖ ಎಂದೊಡನೆ ಕೆಲಸ ಹಗುರ ಎಂದಲ್ಲ. ಊರ ಕೆಲಸಕ್ಕೂ ಮದ್ದಳೆಯಷ್ಟೇ ಅಭ್ಯಾಸ ಬೇಕು, ಗುರು ಬೇಕು. ಪಂಕ್ತಿಯಲ್ಲಿ ಬಡಿಸುವುದನ್ನೇ ನೋಡಿ. ಎಲೆಯ ಯಾವ ತುದಿಗೆ ಉಪ್ಪು, ಅನ್ನ ಬಂದ ಎಷ್ಟು ಹೊತ್ತಿಗೆ ಸಾರು, ನಾಚಿಕೆಯವನಿಗೆ ಕೇಳದೆ ಎಷ್ಟು ಹಾಕಬೇಕು, ಕೊನೆಯ ಪಂಕ್ತಿಗೂ ಮೊದಲ ಪಂಕ್ತಿಯ ಪಾಯಸವೇ ಸಿಗುವಂತೆ ಹೇಗೆ ಉಳಿಸಬೇಕು, ಇವೆಲ್ಲ ನೋಡಿ ನೋಡಿ ಬರುವ ವಿದ್ಯೆ. ಕೋಟೇಶ್ವರದ ಕೊಡಿಹಬ್ಬದ ಜನಜಂಗುಳಿಯಲ್ಲಿ ರಥ ಎಳೆಯುವಾಗ ಹಗ್ಗದ ಪಕ್ಕ ನಿಲ್ಲುವವನ ದನಿ ಜೋರಿರಬೇಕು, ಕೋಪ ಇರಬಾರದು. ಆಟದ ಖರ್ಚಿನ ಲೆಕ್ಕವನ್ನು ಮಾರನೇ ದಿನವೇ ಒಪ್ಪಿಸಿಬಿಡಬೇಕು, ಒಂದು ವಾರ ತಡವಾದರೂ ಊರಿನಲ್ಲಿ ಮಾತು ಹುಟ್ಟುತ್ತದೆ. ಜಗಳವಾಡಿಕೊಂಡ ಎರಡು ಮನೆಯವರನ್ನು ಒಂದೇ ಚಪ್ಪರದ ಕೆಲಸಕ್ಕೆ ಹಾಕುವುದಾದರೆ ಒಂದು ಮನೆಗೆ ಕಂಬ, ಇನ್ನೊಂದು ಮನೆಗೆ ಸೋಗೆ. ಕಂಬ ನೆಡದೆ ಸೋಗೆ ಹೊದೆಸಲಾಗದು, ಸಂಜೆಯೊಳಗೆ ಅವರು ಮಾತಾಡಿಯೇ ಆಡುತ್ತಾರೆ! ನನ್ನ ಗುರುಗಳು ಈ ಉಪಾಯವನ್ನು ಎಷ್ಟೋ ಸಲ ಮಾಡಿದ್ದನ್ನು ಕಂಡಿದ್ದೇನೆ. ಭಾಗವತನಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಿಕೊಡಬೇಕು ಎಂಬ ಪ್ರಜ್ಞೆ ಇರುತ್ತದಲ್ಲ, ಅದೇ ಪ್ರಜ್ಞೆ ಅವರಿಗೆ ಊರ ಕೆಲಸದಲ್ಲಿತ್ತು.

ಕಾಲ ಬದಲಾಗಿದೆ. ಇಡೀ ರಾತ್ರಿಯ ಆಟ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ಸಿದ್ಧ ಮುಂಡಾಸುಗಳು ಬಂದಿವೆ, ತಲೆಗಿಟ್ಟು ದಾರ ಬಿಗಿದರೆ ಮುಗಿಯಿತು. ಅವಸರವಿರುವಲ್ಲಿ ಅದು ಅನುಕೂಲವೇ. ಆದರೂ ನಾನು ಮಕ್ಕಳಿಗೆ ಕಟ್ಟಿದ ಮುಂಡಾಸನ್ನೇ ಕೊಡಬೇಕೆಂದು ಹಟ ಹಿಡಿಯುತ್ತೇನೆ. ಕಟ್ಟುವ ಆ ಕಾಲು ಗಂಟೆಯಲ್ಲಿ ಮಗು ಸುಮ್ಮನೆ ಕೂತು ಪಾತ್ರಕ್ಕೆ ತಯಾರಾಗುತ್ತದೆ. ಆ ಮೌನವನ್ನು ಸಿದ್ಧ ಮುಂಡಾಸು ಕೊಡುವುದಿಲ್ಲ.

ಒಳ್ಳೆಯ ಬದಲಾವಣೆಗಳೂ ಕಣ್ಣಮುಂದಿವೆ. 1975ರಲ್ಲೇ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಆಟದ ಸಂಘಟನೆಗಷ್ಟೇ ನಿಲ್ಲದೆ ಕಲಾವಿದರ ಕುಟುಂಬಗಳ ಕಷ್ಟಕ್ಕೂ, ವಿದ್ಯಾಪೋಷಕ್ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳ ಓದಿಗೂ ನೆರವಾದ ಸಂಸ್ಥೆ. ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ನಡೆದು, ವರ್ಷದ ಕೊನೆಗೆ ಕಿಶೋರ ಯಕ್ಷಗಾನದ ಪ್ರದರ್ಶನಗಳು ಏರ್ಪಡುತ್ತವೆ. ಗುಂಡ್ಮಿಯ ಯಕ್ಷಗಾನ ಕಲಾಕೇಂದ್ರ ಕಲಿಸುತ್ತಲೇ ಇದೆ. ಬೈಂದೂರಿನಲ್ಲಿ ಲಾವಣ್ಯದಂಥ ಹವ್ಯಾಸಿ ತಂಡ ರಂಗದ ದೀಪ ಆರದಂತೆ ನೋಡಿಕೊಂಡಿದೆ. ಎಲ್ಲಕ್ಕಿಂತ ನನಗೆ ಖುಷಿ ಕೊಡುವುದು ಹುಡುಗಿಯರು. ಬಾಗಿಲ ಸಂದಿಯಿಂದ ಪದ ಕಲಿತ ಅಜ್ಜಿಯ ಮೊಮ್ಮಕ್ಕಳ ವಯಸ್ಸಿನವರು ಈಗ ಗೆಜ್ಜೆ ಕಟ್ಟಿ ಎಳೆಯ ವೀರರ ಪುಂಡು ವೇಷಕ್ಕೆ ನಿಲ್ಲುತ್ತಾರೆ. ಅವರ ದಟ್ಟ ಕೂದಲನ್ನು ಬಟ್ಟೆಯೊಳಗೆ ಸಮನಾಗಿ ಕೂರಿಸುವುದೇ ಒಂದು ಹೊಸ ವಿದ್ಯೆ. ಜಡೆಯನ್ನು ನೆತ್ತಿಗೆ ಸುತ್ತಿದರೆ ಅಟ್ಟೆ ಎದ್ದು ನಿಲ್ಲುತ್ತದೆ, ಹಿಂದಕ್ಕೆ ಬಿಟ್ಟರೆ ಗಂಟಿಗೆ ತೊಡಕು. ಎರಡು ಜಡೆ ಮಾಡಿ ಕಿವಿಯ ಮೇಲಿನಿಂದ ಸುತ್ತಿ ಹಿಂದೆ ಪಿನ್ನು ಹಾಕುವ ಕ್ರಮವನ್ನು ತೋರಿಸಿಕೊಟ್ಟದ್ದು ಒಂಬತ್ತನೇ ತರಗತಿಯ ಹುಡುಗಿ. ಅಂದಿನಿಂದ ನಾನು ಹಾಗೆಯೇ ಕಟ್ಟುತ್ತೇನೆ, ಬೇರೆಯವರಿಗೂ ಹಾಗೆಯೇ ಹೇಳಿಕೊಡುತ್ತೇನೆ.

ಕಟ್ಟಲು ಕಲಿಯಬೇಕೆಂದು ಬಂದವರಿಗೆ ನಾನು ಮೊದಲು ಬಿಚ್ಚಲು ಕೊಡುತ್ತೇನೆ. ಆಟ ಮುಗಿದ ಮೇಲೆ ಎಲ್ಲರಿಗೂ ಮನೆಯ ಅವಸರ, ನಿದ್ದೆಯ ಭಾರ. ಆಗ ಉಳಿದು ಮಗುವಿನ ತಲೆಯಿಂದ ಒಂದೊಂದೇ ಸುತ್ತು ಬಿಚ್ಚಿ, ಜರಿಪಟ್ಟಿಯನ್ನು ಮಡಿಕೆ ಬೀಳದಂತೆ ಸುರುಳಿ ಮಾಡಿ, ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸಿ, ಬೆವರಿನ ಕಸೆ ಸೀರೆಯನ್ನು ಬಿಸಿಲಿಗೆ ಹರವಿ, ಆಭರಣಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುವವನಿಗೆ ಮುಂಡಾಸಿನ ಒಳಗುಟ್ಟು ತಾನಾಗಿ ತಿಳಿಯುತ್ತದೆ. ಹೇಗೆ ಕಟ್ಟಿದ್ದರು ಎಂಬುದು ಬಿಚ್ಚುವಾಗ ಕಾಣುತ್ತದೆ. ಜೊತೆಗೆ ಅವನಿಗೆ ಈ ಕೆಲಸ ರುಚಿಸುತ್ತದೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ. ರುಚಿಸಿದವನು ಮುಂದಿನ ಆಟಕ್ಕೆ ಕರೆಯದೆ ಬರುತ್ತಾನೆ.

ಈ ಸಲವೂ ನವರಾತ್ರಿಗೆ ಹೂವಿನಕೋಲು ಹೊರಡುತ್ತದೆ, ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಡುತ್ತವೆ, ಶಾಲೆಗಳಲ್ಲಿ ಮಕ್ಕಳ ಆಟದ ದಿನ ಗೊತ್ತಾಗುತ್ತದೆ. ಕುಣಿಯಲು ಬರಬೇಕೆಂದಿಲ್ಲ, ಹಾಡಲು ಬರಬೇಕೆಂದಿಲ್ಲ, ವಯಸ್ಸು ಎಷ್ಟಾದರೂ ಅಡ್ಡಿಯಿಲ್ಲ. ನಿಮ್ಮೂರಿನ ಚೌಕಿಗೆ ಒಂದು ಸಂಜೆ ಬನ್ನಿ. ಕೈಗೊಂದು ಕೆಲಸ ಅಲ್ಲಿ ಖಂಡಿತ ಸಿಗುತ್ತದೆ. ಆಮೇಲೆ ನಿಮ್ಮನ್ನು ಯಾರೂ ಕರೆಯಬೇಕಾಗುವುದಿಲ್ಲ.